ನೋವು ನಿಂತ ಮೇಲೂ ರೂಟ್ ಕೆನಾಲ್ ಬೇಕೇ? ಅಮ್ಮನ ದವಡೆ ಹಲ್ಲಿನ ವಿಷಯ

ಸಾಗರದ ಮಗಳು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನ ತಾಯಿಗೆ 61 ವರ್ಷ. ಸಾಗರದ ಹತ್ತಿರದ ಹಳ್ಳಿಯಲ್ಲಿ ತೋಟ ನೋಡಿಕೊಂಡಿದ್ದಾರೆ. ನಾನು ಕೆಲಸದ ಕಾರಣಕ್ಕೆ ಬೆಂಗಳೂರಿನಲ್ಲಿದ್ದೇನೆ. ಎರಡು ತಿಂಗಳ ಹಿಂದೆ ಅವರ ಕೆಳದವಡೆಯ ಎಡಗಡೆಯ ಹಲ್ಲೊಂದು ಬಿಸಿ ಕಾಫಿ ತಗುಲಿದೊಡನೆ ಸಿಡಿಯತೊಡಗಿತು. ಮೊದಮೊದಲು ಒಂದೆರಡು ನಿಮಿಷಕ್ಕೆ ಇಳಿಯುತ್ತಿದ್ದ ನೋವು ಬರಬರುತ್ತಾ ಅರ್ಧ ಗಂಟೆಯಾದರೂ ಬಿಡದಾಯಿತು. ರಾತ್ರಿ ತಲೆ ದಿಂಬಿಗೆ ತಾಗಿದರೆ ಕಿವಿಯವರೆಗೂ ಹಬ್ಬಿ, ಅವರು ಗೋಡೆಗೊರಗಿ ಕುಳಿತೇ ಬೆಳಗು ಮಾಡುವಂತಾಯಿತು. ಲವಂಗದೆಣ್ಣೆ ಅದ್ದಿದ ಹತ್ತಿ ಇಟ್ಟರು, ಔಷಧಿ ಅಂಗಡಿಯವರು ಕೊಟ್ಟ ಆ್ಯಂಟಿಬಯೋಟಿಕ್ ಮಾತ್ರೆಯನ್ನು ಐದು ದಿನ ನುಂಗಿದರು. ಅದಾದ ಮೇಲೆ ನೋವು ಪೂರ್ತಿ ನಿಂತಿತು.

ಕಳೆದ ವಾರ ಊರಿಗೆ ಹೋದವಳು ಒತ್ತಾಯ ಮಾಡಿ ದಂತವೈದ್ಯರ ಬಳಿ ಕರೆದುಕೊಂಡು ಹೋದೆ. ಅವರು ಎಕ್ಸ್‌ರೇ ತೆಗೆದು, ಹಲ್ಲಿನ ಬೇರಿನ ತುದಿಯಲ್ಲಿ ಕಪ್ಪು ನೆರಳು ಕಾಣುತ್ತಿದೆ, ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಬೇಕು ಎಂದರು. ಅಮ್ಮ ಒಪ್ಪುತ್ತಿಲ್ಲ. ನೋವೇ ಇಲ್ಲದ ಹಲ್ಲಿಗೆ ದುಡ್ಡು ಸುರಿಯುವುದು ಏಕೆ, ಅಷ್ಟೂ ಬೇಕೆಂದರೆ ಕೀಳಿಸಿಬಿಟ್ಟರಾಯಿತು ಎಂಬುದು ಅವರ ವಾದ. ಹಲ್ಲಿನ ನರ ಕತ್ತರಿಸಿದರೆ ಕಣ್ಣು ಮಂಜಾಗುತ್ತದೆ ಎಂದು ದೊಡ್ಡಮ್ಮ ಬೇರೆ ಹೆದರಿಸಿದ್ದಾರೆ. ಈ ಚಿಕಿತ್ಸೆಯಲ್ಲಿ ನಿಜವಾಗಿ ಏನು ಮಾಡುತ್ತಾರೆ, ಈಗ ಅದು ಬೇಕೇ ಬೇಕೇ ಎಂಬುದನ್ನು ತಿಳಿದವರು ವಿವರಿಸಿದರೆ ಅಮ್ಮನಿಗೆ ಓದಿ ಹೇಳುತ್ತೇನೆ.

ದಾವಣಗೆರೆಯ ದಂತವೈದ್ಯೆ

ನಿಮ್ಮ ತಾಯಿಯವರ ವಾದವನ್ನು ನಾನು ವಾರಕ್ಕೆ ನಾಲ್ಕು ಸಲವಾದರೂ ಕೇಳುತ್ತೇನೆ, ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ನೀವು ಬರೆದಿರುವ ಕ್ರಮದಲ್ಲಿ ನೋವು ಬಂದು ಹೋಗಿದ್ದರೆ ಅದು ಹಲ್ಲು ವಾಸಿಯಾದ ಲಕ್ಷಣವಲ್ಲ, ಹಲ್ಲಿನ ಒಳಗಿನ ಜೀವ ಹೋದ ಲಕ್ಷಣ.

ಹಲ್ಲು ಹೊರಗಿನಿಂದ ಕಲ್ಲಿನಂತೆ ಕಂಡರೂ ಒಳಗೆ ಟೊಳ್ಳಿದೆ. ಮೇಲಿನ ಎನಾಮಲ್ ನಮ್ಮ ದೇಹದಲ್ಲಿಯೇ ಅತ್ಯಂತ ಗಟ್ಟಿಯಾದ ವಸ್ತು. ಅದರ ಕೆಳಗೆ ಡೆಂಟಿನ್ ಎಂಬ ಪದರ, ಅದರ ನಡುವೆ ರಕ್ತನಾಳ ಮತ್ತು ನರಗಳಿರುವ ಮೆತ್ತಗಿನ ತಿರುಳು. ಈ ತಿರುಳು ಬೇರುಗಳ ಒಳಗಿನ ಸಣ್ಣ ನಾಳಗಳ ಮೂಲಕ ತುದಿಯವರೆಗೆ ಇಳಿದು, ಅಲ್ಲಿಂದ ದವಡೆಯ ಮೂಳೆಯ ಸಂಪರ್ಕ ಪಡೆಯುತ್ತದೆ. ಕೈಗೋ ಕಾಲಿಗೋ ಪೆಟ್ಟು ಬಿದ್ದರೆ ಊದಿಕೊಳ್ಳಲು ಜಾಗವಿರುತ್ತದೆ. ಹಲ್ಲಿನ ತಿರುಳಿಗೆ ಆ ಅವಕಾಶವಿಲ್ಲ. ಹುಳುಕು ಅಲ್ಲಿಗೆ ತಲುಪಿ ಉರಿಯೂತ ಆರಂಭವಾದಾಗ ಸುತ್ತಲೂ ಗಟ್ಟಿ ಗೋಡೆಯಿರುವುದರಿಂದ ಒತ್ತಡವೆಲ್ಲ ನರದ ಮೇಲೆಯೇ ಬೀಳುತ್ತದೆ. ಮಲಗಿದಾಗ ತಲೆಯ ಕಡೆಗೆ ರಕ್ತದ ಒತ್ತಡ ಸ್ವಲ್ಪ ಹೆಚ್ಚುತ್ತದೆ, ನೋವೂ ಹೆಚ್ಚುತ್ತದೆ. ಅವರು ಗೋಡೆಗೊರಗಿ ಕುಳಿತದ್ದಕ್ಕೆ ಕಾರಣ ಅದೇ.

ತಣ್ಣನೆಯ ನೀರಿಗೆ ಜುಮ್ಮೆಂದು ಕೆಲವೇ ಕ್ಷಣಗಳಲ್ಲಿ ಸರಿಹೋಗುವ ಹಲ್ಲಿನ ತಿರುಳನ್ನು ಸಾಮಾನ್ಯವಾಗಿ ಉಳಿಸಿಕೊಳ್ಳಬಹುದು. ಹುಳುಕನ್ನು ಕೆರೆದು ಸಿಮೆಂಟ್ ತುಂಬಿದರೆ ಸಾಕಾಗುತ್ತದೆ. ಬಿಸಿಗೆ ಸಿಡಿದು, ಬಿಸಿ ಹೋದ ಮೇಲೂ ಬಹಳ ಹೊತ್ತು ಉಳಿಯುವ ನೋವು ತಿರುಳು ಮರಳಿ ಬಾರದ ಹಂತಕ್ಕೆ ಹೋಗಿರುವುದನ್ನು ತಿಳಿಸುತ್ತದೆ. ಆಮೇಲೆ ನರವೂ ಸತ್ತು ನೋವು ನಿಲ್ಲುತ್ತದೆ. ಆದರೆ ಸತ್ತ ತಿರುಳು ಬ್ಯಾಕ್ಟೀರಿಯಾಗಳಿಗೆ ಆಹಾರವಾಗಿ, ಸೋಂಕು ನಾಳದ ತುದಿಯಿಂದ ಹೊರಬಂದು ಮೂಳೆಯನ್ನು ತಿನ್ನತೊಡಗುತ್ತದೆ. ಎಕ್ಸ್‌ರೇಯಲ್ಲಿ ನಿಮ್ಮ ವೈದ್ಯರಿಗೆ ಕಂಡ ಕಪ್ಪು ನೆರಳು ಹೀಗೆ ಮೂಳೆ ಕರಗಿದ ಜಾಗ. ಮಾತ್ರೆಯಿಂದ ವಾಸಿಯಾಯಿತು ಎಂಬ ನಂಬಿಕೆಯೂ ತಪ್ಪು. ನುಂಗಿದ ಔಷಧಿ ರಕ್ತದ ಮೂಲಕ ಸಾಗಬೇಕು. ಸತ್ತ ತಿರುಳಿನಲ್ಲಿ ರಕ್ತದ ಓಡಾಟವೇ ಇಲ್ಲದಿರುವಾಗ ಔಷಧಿ ಅಲ್ಲಿಗೆ ತಲುಪುವುದು ಹೇಗೆ? ಮುಖ ಊದಿ ಜ್ವರ ಬಂದಿರುವಾಗ ಆ್ಯಂಟಿಬಯೋಟಿಕ್ ಅಗತ್ಯ, ಆದರೆ ಅದು ಸೋಂಕಿನ ಮೂಲವನ್ನು ತೆಗೆಯುವುದಿಲ್ಲ. ಸತ್ತ ತಿರುಳನ್ನು ತೆಗೆದು, ಬೇರಿನ ನಾಳಗಳನ್ನು ಶುಚಿ ಮಾಡಿ ತುಂಬುವ ಚಿಕಿತ್ಸೆಯೇ ರೂಟ್ ಕೆನಾಲ್.

ಕಣ್ಣಿನ ವಿಷಯ. ದೃಷ್ಟಿಯ ನರ ಬೇರೆ, ಹಲ್ಲಿನ ನರ ಬೇರೆ. ಮೆದುಳಿನಿಂದ ಹೊರಡುವ ಹನ್ನೆರಡು ಜೋಡಿ ನರಗಳಲ್ಲಿ ಎರಡನೆಯದು ನೋಟಕ್ಕೆ, ಐದನೆಯದರ ಕವಲುಗಳು ಹಲ್ಲಿಗೆ. ದೊಡ್ಡಮ್ಮನವರಿಗೆ ನನ್ನ ನಮಸ್ಕಾರ ತಿಳಿಸಿ, ಆ ಭಯಕ್ಕೆ ಆಧಾರವಿಲ್ಲವೆಂದು ಹೇಳಿ.

ಇನ್ನು ಕೀಳಿಸುವ ಮಾತು. ಅದು ಅಗ್ಗವೆಂದು ಕಾಣುವುದು ಆ ದಿನದ ಮಟ್ಟಿಗೆ ಮಾತ್ರ. ಜಾಗ ಖಾಲಿಯಾದರೆ ಹಿಂದಿನ ಹಲ್ಲು ಅತ್ತ ವಾಲುತ್ತದೆ, ಮೇಲಿನ ಹಲ್ಲು ಎದುರಾಳಿಯಿಲ್ಲದೆ ಕೆಳಗಿಳಿಯುತ್ತದೆ, ಸಂದುಗಳಲ್ಲಿ ಅನ್ನ ಸಿಕ್ಕಿ ಹೊಸ ಹುಳುಕು ಶುರುವಾಗುತ್ತದೆ. ಆ ಜಾಗ ತುಂಬಿಸಲು ಅಕ್ಕಪಕ್ಕದ ಒಳ್ಳೆಯ ಹಲ್ಲುಗಳನ್ನು ಉಜ್ಜಿ ಅವುಗಳ ಆಧಾರದ ಮೇಲೆ ಕೃತಕ ಹಲ್ಲಿನ ಬ್ರಿಡ್ಜ್ ಕಟ್ಟಬೇಕು ಇಲ್ಲವೇ ಮೂಳೆಗೆ ತಿರುಪು ಕೂರಿಸಿ ಹಲ್ಲು ಕಟ್ಟುವ ಇಂಪ್ಲಾಂಟ್ ಹಾಕಿಸಬೇಕು, ಎರಡೂ ಸಾಮಾನ್ಯವಾಗಿ ರೂಟ್ ಕೆನಾಲ್‌ಗಿಂತ ದುಬಾರಿ. ಹಲ್ಲು ಉಳಿಸಲಾರದಷ್ಟು ಮುರಿದಿದ್ದರೆ ಕೀಳುವುದೇ ಸರಿ. ಅದನ್ನು ಪರೀಕ್ಷಿಸಿದ ವೈದ್ಯರೇ ಹೇಳಬೇಕು, ನಾನು ಇಲ್ಲಿ ಕುಳಿತು ಹೇಳಲಾರೆ.

ಒಂದು ಎಚ್ಚರಿಕೆ. ದವಡೆಯ ಕೆಳಗೆ ಅಥವಾ ಕತ್ತಿನ ಕಡೆಗೆ ಬಾವು ಬಂದು, ಬಾಯಿ ತೆರೆಯಲು ಅಥವಾ ಉಗುಳು ನುಂಗಲು ಕಷ್ಟವಾಗಿ, ಜ್ವರವೂ ಇದ್ದರೆ ಅದು ತುರ್ತು ಪರಿಸ್ಥಿತಿ. ಆಗ ಮರುದಿನಕ್ಕೆ ಕಾಯದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ನಿವೃತ್ತ ಮೇಷ್ಟ್ರು, ಹಾಸನ

ಡಾಕ್ಟರಮ್ಮನವರು ಹೇಳಿದ್ದಕ್ಕೆ ನನ್ನ ಅನುಭವವನ್ನು ಸೇರಿಸುತ್ತೇನೆ. ಏಳೆಂಟು ವರ್ಷದ ಹಿಂದೆ ನನ್ನ ಬಲಗಡೆಯ ಕೆಳದವಡೆ ಹಲ್ಲಿಗೆ ರೂಟ್ ಕೆನಾಲ್ ಆಯಿತು. ಮೂರು ಸಲ ಹೋಗಿ ಬಂದೆ, ಕೊನೆಯಲ್ಲಿ ಹಲ್ಲಿಗೆ ಸಿಮೆಂಟ್ ತುಂಬಿ, ಹದಿನೈದು ದಿನದೊಳಗೆ ಕ್ಯಾಪ್ ಅಳತೆ ಕೊಡಲು ಬನ್ನಿ ಎಂದರು. ಅದೇ ಸಮಯಕ್ಕೆ ಮಗಳ ಮದುವೆ ಗೊತ್ತಾಗಿತ್ತು. ನೋವು ಎಳ್ಳಷ್ಟೂ ಇರಲಿಲ್ಲ. ಮದುವೆ ಮುಗಿಯಲಿ ಎಂದೆ, ಆಮೇಲೆ ಗದ್ದೆ ಕೆಲಸ ಮುಗಿಯಲಿ ಎಂದೆ, ಆಮೇಲೆ ಮರೆತೇಬಿಟ್ಟೆ. ಎಂಟು ತಿಂಗಳ ನಂತರ ಒಂದು ಸಂಜೆ ಕೋಡುಬಳೆ ಕಡಿಯುವಾಗ ಟಪ್ಪೆಂದು ಸದ್ದಾಯಿತು. ಹಲ್ಲು ಸೌದೆಯ ಹಾಗೆ ಎರಡು ಹೋಳಾಗಿ ಬೇರಿನವರೆಗೂ ಸೀಳಿತ್ತು. ಅದೇ ವೈದ್ಯರು ನೋಡಿ, ಇನ್ನು ಕೀಳದೆ ಬೇರೆ ದಾರಿಯಿಲ್ಲ ಎಂದರು. ರೂಟ್ ಕೆನಾಲ್‌ಗೆ ಕೊಟ್ಟ ಹಣವೂ ಹೋಯಿತು, ಹಲ್ಲೂ ಹೋಯಿತು. ತಪ್ಪು ಪೂರ್ತಿ ನನ್ನದೇ. ಈಗ ಮೇಲಿನ ಹಲ್ಲು ಕೆಳಗಿಳಿದು ವಸಡಿಗೆ ಚುಚ್ಚುತ್ತಿದೆ, ಎಡಗಡೆಯಲ್ಲಷ್ಟೇ ಜಗಿಯುತ್ತೇನೆ. ಆದ್ದರಿಂದ ತಾಯಿಯವರನ್ನು ಒಪ್ಪಿಸುವಾಗ ಕ್ಯಾಪ್‌ನ ಖರ್ಚನ್ನೂ ಮೊದಲೇ ಸೇರಿಸಿ ಒಪ್ಪಿಸಮ್ಮ. ಅರ್ಧಕ್ಕೆ ನಿಲ್ಲಿಸುವುದಾದರೆ ಆರಂಭಿಸಲೇಬೇಡಿ.

ಸಹಜ ಬದುಕು

ಎಲ್ಲರೂ ಒಂದೇ ಕಡೆ ಮಾತನಾಡುತ್ತಿರುವುದರಿಂದ ಇದನ್ನು ಕೇಳಬೇಕಾಯಿತು. ರೂಟ್ ಕೆನಾಲ್ ಮಾಡಿದ ಹಲ್ಲು ಸತ್ತ ಹಲ್ಲು; ಸತ್ತ ಅಂಗವನ್ನು ದೇಹದೊಳಗೆ ಇಟ್ಟುಕೊಂಡರೆ ಅದರ ವಿಷ ರಕ್ತಕ್ಕೆ ಸೇರಿ ಹೃದಯದ ಕಾಯಿಲೆ, ಕ್ಯಾನ್ಸರ್ ಬರುತ್ತವೆ ಎಂದು ವಿಡಿಯೋ ಒಂದರಲ್ಲಿ ನೋಡಿದೆ. ಬೆರಳು ಕೊಳೆತರೆ ಕತ್ತರಿಸುತ್ತಾರಲ್ಲವೇ, ಹಲ್ಲಿಗೆ ಮಾತ್ರ ಏಕೆ ಬೇರೆ ನ್ಯಾಯ? ನಮ್ಮ ಹಿರಿಯರು ನೆಲಗುಳ್ಳದ ಬೀಜದ ಹೊಗೆ ಹಿಡಿದು ಹಲ್ಲಿನ ಹುಳು ಉದುರಿಸುತ್ತಿದ್ದರು, ಅವರಿಗೆ ಈ ಚಿಕಿತ್ಸೆಗಳ ಅಗತ್ಯ ಬೀಳಲಿಲ್ಲ.

ದಾವಣಗೆರೆಯ ದಂತವೈದ್ಯೆ

ಪ್ರಶ್ನೆ ನ್ಯಾಯವಾದದ್ದೇ. ಈ ವಿಷದ ವಾದ ಹೊಸದಲ್ಲ, ನೂರು ವರ್ಷಕ್ಕೂ ಹಳೆಯದು. 1910ರಲ್ಲಿ ವಿಲಿಯಂ ಹಂಟರ್ ಎಂಬ ಬ್ರಿಟಿಷ್ ವೈದ್ಯರು ಕೆನಡಾದ ಮಾಂಟ್ರಿಯಲ್‌ನಲ್ಲಿ ಮಾಡಿದ ಭಾಷಣದಲ್ಲಿ, ಬಾಯಿಯ ಸೋಂಕೇ ದೇಹದ ಅನೇಕ ರೋಗಗಳ ಮೂಲವೆಂದು ಹೇಳಿದರು. 1920ರ ದಶಕದಲ್ಲಿ ಅಮೆರಿಕದ ದಂತವೈದ್ಯ ವೆಸ್ಟನ್ ಪ್ರೈಸ್ ಅದನ್ನು ರೂಟ್ ಕೆನಾಲ್ ಹಲ್ಲುಗಳ ವಿರುದ್ಧ ತಿರುಗಿಸಿದರು. ಕೀಲುನೋವಿಗೂ ಹಲ್ಲು, ಹೊಟ್ಟೆನೋವಿಗೂ ಹಲ್ಲು ಎಂದು ಉಳಿಸಬಹುದಾಗಿದ್ದ ಎಷ್ಟೋ ಹಲ್ಲುಗಳನ್ನು ಆಗ ಕಿತ್ತುಹಾಕಲಾಯಿತು. ಕಿತ್ತ ಮೇಲೂ ರೋಗಗಳು ಹಾಗೇ ಉಳಿದವು. ಅವರ ಪ್ರಯೋಗಗಳ ಕ್ರಮವೇ ಸರಿಯಿರಲಿಲ್ಲವೆಂದು ನಂತರದ ಸಂಶೋಧಕರು ತೋರಿಸಿದ ಮೇಲೆ ವೈದ್ಯಲೋಕ ಆ ವಾದವನ್ನು ಕೈಬಿಟ್ಟಿತು. ಅದೇ ಹಳೆಯ ಮಾತು ಈಗ ವಿಡಿಯೋಗಳಲ್ಲಿ ಮತ್ತೆ ಹುಟ್ಟಿದೆ.

ಕೊಳೆತ ಬೆರಳಿನ ಹೋಲಿಕೆಯೂ ಇಲ್ಲಿ ಹೊಂದುವುದಿಲ್ಲ. ಹಲ್ಲಿನ ಒಳತಿರುಳು ಹೋದರೂ ಬೇರಿನ ಹೊರಮೈಯನ್ನು ಮೂಳೆಗೆ ಹಿಡಿದಿಡುವ ನಾರಿನ ಪೊರೆ ಜೀವಂತವಾಗಿಯೇ ಇರುತ್ತದೆ, ಅದಕ್ಕೆ ರಕ್ತ ಹೊರಗಿನಿಂದ ಬರುತ್ತದೆ. ಹಲ್ಲು ಬೆಳೆಯುವ ವಯಸ್ಸಿನಲ್ಲಿ ತಿರುಳು ಅತ್ಯಗತ್ಯ. ಬೆಳೆದು ನಿಂತ ಹಲ್ಲು ಅದಿಲ್ಲದೆಯೂ ಜಗಿಯುವ ಕೆಲಸ ಮಾಡಬಲ್ಲದು. ಕೊಳೆತ ಭಾಗವನ್ನೇ ನಾವು ತೆಗೆಯುವುದು, ಉಳಿಸುವುದು ಅದರ ಗಟ್ಟಿ ಚಿಪ್ಪನ್ನು. ಹಾಗೆಂದು ಎಲ್ಲ ರೂಟ್ ಕೆನಾಲ್‌ಗಳೂ ಯಶಸ್ವಿಯಾಗುತ್ತವೆ ಎಂದು ನಾನು ಹೇಳುವುದಿಲ್ಲ. ಮೇಲ್ದವಡೆಯ ಮೊದಲ ದೊಡ್ಡ ಹಲ್ಲಿನಲ್ಲಿ ಮೂರು ಬೇರುಗಳಿದ್ದರೂ ನಾಳಗಳು ಹಲವರಲ್ಲಿ ನಾಲ್ಕಿರುತ್ತವೆ; ಕೂದಲೆಳೆಯಂಥ ಆ ನಾಲ್ಕನೆಯದು ಕಣ್ತಪ್ಪಿದರೆ ಸೋಂಕು ಒಳಗೇ ಉಳಿದು ವರ್ಷಗಳ ನಂತರ ಬಾವಾಗಿ ಕಾಣಿಸಿಕೊಳ್ಳಬಹುದು. ಆಗ ಹಳೆಯದನ್ನು ಬಿಚ್ಚಿ ಮತ್ತೆ ಶುಚಿ ಮಾಡಬೇಕಾಗುತ್ತದೆ, ಕೆಲವೊಮ್ಮೆ ಬೇರಿನ ತುದಿಗೆ ಸಣ್ಣ ಶಸ್ತ್ರಚಿಕಿತ್ಸೆಯೂ ಬೇಕಾಗುತ್ತದೆ.

ಹುಳದ ವಿಷಯ: ಹುಳುಕು ಹಲ್ಲು ಎಂಬ ಹೆಸರೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಫ್ರಾನ್ಸಿನ ಪಿಯರ್ ಫೋಶಾರ್ 1728ರಲ್ಲೇ, ಸೂಕ್ಷ್ಮದರ್ಶಕದಲ್ಲಿ ಹುಡುಕಿದರೂ ಹಲ್ಲಿನ ಹುಳು ತನಗೆ ಸಿಗಲಿಲ್ಲವೆಂದು ಬರೆದಿದ್ದಾರೆ. ಹೊಗೆಯ ಬಿಸಿಗೆ ಸ್ವಲ್ಪ ಹೊತ್ತು ಹಾಯೆನಿಸಬಹುದು, ಆದರೆ ಹುಳುವೆಂದು ತೋರಿಸುವ, ಬಟ್ಟಲಿನ ನೀರಿನಲ್ಲಿ ತೇಲುವ ಬಿಳಿ ಎಳೆ ಹಲ್ಲಿನೊಳಗಿಂದ ಬಂದದ್ದಲ್ಲ. ಹಿರಿಯರಿಗೆ ಈ ಚಿಕಿತ್ಸೆಯ ಅಗತ್ಯ ಬೀಳಲಿಲ್ಲ ಎನ್ನುವ ಮೊದಲು ಅವರಲ್ಲಿ ಎಷ್ಟು ಜನ ಐವತ್ತಕ್ಕೇ ಬೊಚ್ಚುಬಾಯಾಗಿದ್ದರು ಎಂಬುದನ್ನೂ ಒಮ್ಮೆ ನೆನಪಿಸಿಕೊಳ್ಳಿ.

ಸಾಗರದ ಮಗಳು

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಎಲ್ಲರಿಗೂ ಧನ್ಯವಾದಗಳು. ಮೇಷ್ಟ್ರ ಕೋಡುಬಳೆಯ ಪ್ರಸಂಗವನ್ನು ಅಮ್ಮ ಎರಡು ಸಲ ಓದಿಸಿಕೊಂಡರು, ಈಗ ಕೀಳಿಸುವ ಮಾತು ಸ್ವಲ್ಪ ಹಿಂದೆ ಸರಿದಿದೆ. ಕುರ್ಚಿಯಲ್ಲಿ ಕೂರಿಸಿ ಏನೇನು ಮಾಡುತ್ತಾರೆ, ನೋಯುತ್ತದೆಯೇ ಎಂಬುದೇ ಈಗ ಉಳಿದಿರುವ ಭಯ. ಇನ್ನೊಂದು ಸಂಗತಿ, ಅವರು ಊಟವಾದ ಮೇಲೆ ಮೂರು ಹೊತ್ತೂ ಕವಳ ಹಾಕುತ್ತಾರೆ. ತಂಬಾಕು ಇಲ್ಲ, ಎಲೆ, ಅಡಿಕೆ, ಸುಣ್ಣ ಮಾತ್ರ. ಅದರಿಂದ ತೊಂದರೆಯೇ? ನನಗೆ ಆರು ವರ್ಷದ ಮಗನೂ ಇದ್ದಾನೆ. ಅವನಿಗಾದರೂ ಈ ಪಾಡು ಬಾರದಿರಲು ಏನು ಮಾಡಬೇಕು?

ದಾವಣಗೆರೆಯ ದಂತವೈದ್ಯೆ

ಮೊದಲು ವಸಡಿಗೆ ಚುಚ್ಚುಮದ್ದು ಕೊಟ್ಟು ಆ ಭಾಗಕ್ಕೆ ಜೋಮು ಹಿಡಿಸುತ್ತಾರೆ. ಕೆಳದವಡೆಯಾದ್ದರಿಂದ ಅರ್ಧ ತುಟಿ ಮತ್ತು ನಾಲಿಗೆಯೂ ಎರಡು ಮೂರು ಗಂಟೆ ಮರಗಟ್ಟಿದಂತಿರುತ್ತವೆ, ಅದು ಇಳಿಯುವವರೆಗೆ ಏನನ್ನೂ ಜಗಿಯಬಾರದು, ಗೊತ್ತಾಗದೆ ತುಟಿ ಕಚ್ಚಿಕೊಳ್ಳುತ್ತಾರೆ. ಈ ಚಿಕಿತ್ಸೆ ನರಕಯಾತನೆ ಎಂಬ ಅಪಖ್ಯಾತಿ ಬಂದಿರುವುದು ತೀವ್ರ ನೋವಿನಲ್ಲಿ ಬಂದವರಿಂದ. ಉರಿಯೂತ ಜೋರಾಗಿರುವ ಹಲ್ಲಿಗೆ ಅರಿವಳಿಕೆ ಸರಿಯಾಗಿ ಹತ್ತುವುದಿಲ್ಲ. ನಿಮ್ಮ ತಾಯಿಯವರ ಹಲ್ಲಿನ ನರ ಸತ್ತಿರುವುದರಿಂದ ಅವರಿಗೆ ಅಷ್ಟು ಕಷ್ಟವಾಗಲಾರದು. ನಂತರ ಆ ಹಲ್ಲೊಂದೇ ಹೊರಗೆ ಕಾಣುವಂತೆ ಸುತ್ತ ರಬ್ಬರ್ ಹಾಳೆ ಕಟ್ಟುತ್ತಾರೆ. ಇದರಿಂದ ಉಗುಳು ನಾಳಕ್ಕೆ ಇಳಿಯುವುದಿಲ್ಲ, ಔಷಧಿ ಗಂಟಲಿಗೆ ಇಳಿಯುವುದಿಲ್ಲ. ಇದನ್ನು ಬಳಸುವ ವೈದ್ಯರು ಸಿಕ್ಕರೆ ಒಳ್ಳೆಯದು, ಕೇಳಲು ಸಂಕೋಚ ಬೇಡ.

ಹಲ್ಲಿನ ಮೇಲ್ಭಾಗದಲ್ಲಿ ಸಣ್ಣ ಕಿಂಡಿ ಕೊರೆದು, ಸೂಜಿಯಂಥ ಫೈಲ್‌ಗಳಿಂದ ಪ್ರತಿಯೊಂದು ನಾಳವನ್ನೂ ಕೆರೆದು ಅಗಲ ಮಾಡುತ್ತಾರೆ. ಕೆಳಗಿನ ಮೊದಲ ದವಡೆ ಹಲ್ಲಿಗೆ ಸಾಮಾನ್ಯವಾಗಿ ಎರಡು ಬೇರು, ಮೂರು ನಾಳ, ನಾಲ್ಕಿರುವುದೂ ಉಂಟು. ನಾಳದ ಉದ್ದವನ್ನು ಎಕ್ಸ್‌ರೇಯಿಂದಲೂ, ತುದಿ ಮುಟ್ಟಿದಾಗ ಸದ್ದು ಮಾಡುವ ಪುಟ್ಟ ಯಂತ್ರದಿಂದಲೂ ಅಳೆಯುತ್ತಾರೆ. ನಿಜವಾದ ಶುಚಿ ಮಾಡುವುದು ಫೈಲ್ ಅಲ್ಲ, ನಡುನಡುವೆ ಹಾಯಿಸುವ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ. ಬಟ್ಟೆ ಬಿಳಿ ಮಾಡುವ ಬ್ಲೀಚಿನಲ್ಲಿರುವುದೂ ಅದೇ. ಮೂಲೆಮೂಲೆಯ ಕೊಳೆತ ತಿರುಳನ್ನು ಅದು ಕರಗಿಸುತ್ತದೆ. ಬೇರಿನ ತುದಿಯಲ್ಲಿ ಸೋಂಕಿದ್ದರೆ ಕೆಲವು ವೈದ್ಯರು ಒಂದೆರಡು ವಾರ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ತುಂಬಿ ಕಾಯುತ್ತಾರೆ, ಕೆಲವರು ಒಂದೇ ಸಲಕ್ಕೆ ಮುಗಿಸುತ್ತಾರೆ. ಎರಡೂ ಸರಿಯಾದ ಕ್ರಮಗಳೇ. ಕೊನೆಯಲ್ಲಿ ನಾಳಗಳಿಗೆ ತುಂಬುವ ಗುಲಾಬಿ ಕಡ್ಡಿಗಳ ಹೆಸರು ಗಟಾಪರ್ಚಾ. ಮಲಯ ಕಡೆಯ ಕಾಡುಮರದ ಹಾಲಿನಿಂದ ಬರುವ ಈ ವಸ್ತುವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಸಮುದ್ರದಡಿಯ ಟೆಲಿಗ್ರಾಫ್ ತಂತಿಗೆ ಹೊದಿಸುತ್ತಿದ್ದರು. ನೀರು ಒಳನುಗ್ಗದಂತೆ ತಡೆಯುವ ಅದೇ ಗುಣ ಹಲ್ಲಿಗೂ ಉಪಯೋಗಕ್ಕೆ ಬಂದಿದೆ. ಮೇಷ್ಟ್ರು ಹೇಳಿದ ಕ್ಯಾಪ್ ಆಮೇಲೆ. ಲೋಹದ್ದೋ, ಪಿಂಗಾಣಿ ಹೊದಿಸಿದ ಲೋಹದ್ದೋ, ಜಿರ್ಕೋನಿಯಾ ಎಂಬ ಗಟ್ಟಿ ಬಿಳಿ ಪಿಂಗಾಣಿಯದ್ದೋ ಎಂಬುದನ್ನು ನಿಮ್ಮ ಕೈಗೆಟಕುವಂತೆ ಆರಿಸಿಕೊಳ್ಳಬಹುದು. ಕಣ್ಣಿಗೆ ಬೀಳದ ಹಿಂದಿನ ಹಲ್ಲಿಗೆ ಲೋಹದ್ದು ಸಾಕು ಎಂಬುದು ನನ್ನ ಅಭಿಪ್ರಾಯ. ಮೂಳೆಯ ಕಪ್ಪು ನೆರಳು ತುಂಬಿಕೊಳ್ಳಲು ತಿಂಗಳುಗಳು, ಕೆಲವೊಮ್ಮೆ ವರ್ಷವೂ ಬೇಕಾಗುತ್ತದೆ.

ಹೋಗುವಾಗ ಅವರು ನುಂಗುವ ಎಲ್ಲ ಮಾತ್ರೆಗಳ ಚೀಟಿ ಒಯ್ಯಿರಿ. ಸಕ್ಕರೆ ಕಾಯಿಲೆ, ರಕ್ತ ತೆಳುಮಾಡುವ ಔಷಧಿ, ಮುಖ್ಯವಾಗಿ ಮೂಳೆ ಸವೆತಕ್ಕೆ ಕೊಡುವ ಮಾತ್ರೆ ಅಥವಾ ಇಂಜೆಕ್ಷನ್ ಇದ್ದರೆ ತಿಳಿಸಲೇಬೇಕು. ಆ ಕೊನೆಯ ಬಗೆಯ ಔಷಧಿಗಳಲ್ಲಿ ಕೆಲವನ್ನು ತೆಗೆದುಕೊಳ್ಳುವವರಿಗೆ ಹಲ್ಲು ಕಿತ್ತ ಜಾಗ ಮಾಯದೆ ದವಡೆಯ ಮೂಳೆಯೇ ಕೆಡುವ ಅಪಾಯವಿದೆ, ಅಂಥವರಿಗೆ ರೂಟ್ ಕೆನಾಲೇ ಕ್ಷೇಮ. ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ. ಖರ್ಚಿನ ಚಿಂತೆಯಿದ್ದರೆ ಶಿವಮೊಗ್ಗದಲ್ಲೂ ನಮ್ಮ ದಾವಣಗೆರೆಯಲ್ಲೂ ದಂತ ವೈದ್ಯಕೀಯ ಕಾಲೇಜುಗಳಿವೆ. ಅಲ್ಲಿ ಸಮಯ ಹೆಚ್ಚು ಹಿಡಿದರೂ ಹಣ ಕಡಿಮೆ.

ಕವಳದ ಬಗ್ಗೆ ಹೇಳಿದರೆ ಮಲೆನಾಡಿನವರಿಗೆ ಬೇಸರವಾಗುತ್ತದೆ, ಆದರೂ ಹೇಳಬೇಕು. ಗಟ್ಟಿ ಅಡಿಕೆ ದಿನವೂ ಜಗಿದರೆ ಹಲ್ಲಿನ ಮೇಲ್ಮೈ ಸವೆದು ಚಪ್ಪಟೆಯಾಗುತ್ತದೆ, ಸೂಕ್ಷ್ಮ ಬಿರುಕುಗಳು ಬೀಳುತ್ತವೆ. ಅದಕ್ಕಿಂತ ದೊಡ್ಡ ವಿಷಯವೆಂದರೆ ಕೆನ್ನೆಯ ಒಳಪೊರೆ ಬಿಗಿದು ಬಾಯಿ ತೆರೆಯುವುದೇ ಕಡಿಮೆಯಾಗುವ ರೋಗ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ, ತಂಬಾಕು ಬೆರೆಸದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಮೂರು ಬೆರಳು ನೆಟ್ಟಗೆ ಜೋಡಿಸಿ ಬಾಯೊಳಗೆ ತೂರುತ್ತವೆಯೇ ಎಂದು ಅವರನ್ನೇ ನೋಡಿಕೊಳ್ಳಲು ಹೇಳಿ. ತೂರದಿದ್ದರೆ ವೈದ್ಯರಿಗೆ ತೋರಿಸಿ.

ನಿಮ್ಮ ಮಗನ ವಿಷಯಕ್ಕೆ ಬರೋಣ. ಆರನೆಯ ವರ್ಷದ ಹೊತ್ತಿಗೆ, ಯಾವ ಹಾಲುಹಲ್ಲೂ ಬೀಳದೆಯೇ, ಸಾಲಿನ ಹಿಂದುಗಡೆ ಒಂದು ದೊಡ್ಡ ದವಡೆ ಹಲ್ಲು ಮೂಡುತ್ತದೆ. ಬೀಳದೆ ಬಂದದ್ದರಿಂದ ತಾಯ್ತಂದೆಯರು ಅದನ್ನೂ ಹಾಲುಹಲ್ಲೆಂದೇ ಭಾವಿಸಿ, ಹುಳುಕಾದರೂ ಹೇಗೂ ಬೀಳುತ್ತದಲ್ಲ ಎಂದು ಸುಮ್ಮನಿರುತ್ತಾರೆ. ಅದು ಜೀವನಪೂರ್ತಿ ಇರಬೇಕಾದ ಹಲ್ಲು. ನನ್ನ ಬಳಿ ರೂಟ್ ಕೆನಾಲ್‌ಗೆ ಬರುವ ಹಲ್ಲುಗಳಲ್ಲಿ ಹೆಚ್ಚಿನವು ಇವೇ. ಅದರ ಆಳವಾದ ಗೀರುಗಳನ್ನು ಸೀಲೆಂಟ್ ಎಂಬ ತೆಳು ಲೇಪ ಹಚ್ಚಿ ಮುಚ್ಚಿಸಬಹುದು, ಕೊರೆಯುವ ಅಗತ್ಯವಿಲ್ಲ, ನೋವೂ ಇಲ್ಲ. ಸಿಹಿ ಎಷ್ಟು ತಿನ್ನುತ್ತಾನೆ ಎಂಬುದಕ್ಕಿಂತ ಎಷ್ಟು ಸಲ ತಿನ್ನುತ್ತಾನೆ ಎಂಬುದು ಮುಖ್ಯ. ಪ್ರತಿ ಸಲವೂ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಆಮ್ಲವಾಗಿಸುತ್ತವೆ, ಅದನ್ನು ಉಗುಳು ತೊಳೆದು ಸರಿಪಡಿಸಲು ಅರ್ಧ ಗಂಟೆಗೂ ಹೆಚ್ಚು ಬೇಕು. ಊಟದ ಜೊತೆ ಒಂದು ಹೋಳಿಗೆ ತಿಂದರೆ ಹಾನಿ ಕಡಿಮೆ, ಅದೇ ಹೋಳಿಗೆಯನ್ನು ಚೂರುಚೂರಾಗಿ ಮಧ್ಯಾಹ್ನವೆಲ್ಲ ತಿಂದರೆ ಹೆಚ್ಚು. ಇದು ದಿನಕ್ಕೆ ಆರು ಲೋಟ ಸಕ್ಕರೆ ಕಾಫಿ ಕುಡಿಯುವ ದೊಡ್ಡವರಿಗೂ ಅನ್ವಯಿಸುತ್ತದೆ. ನಿದ್ರೆಯಲ್ಲಿ ಉಗುಳು ಕಡಿಮೆಯಾಗುವುದರಿಂದ ರಾತ್ರಿ ಮಲಗುವ ಮುನ್ನ ಫ್ಲೋರೈಡ್ ಇರುವ ಪೇಸ್ಟಿನಿಂದ ಉಜ್ಜಿ, ಉಗುಳಿ, ಬಾಯನ್ನು ಹೆಚ್ಚು ಮುಕ್ಕಳಿಸದೆ ಹಾಗೇ ಬಿಡುವುದು ಒಳ್ಳೆಯದು. ಇದ್ದಿಲು, ಇಟ್ಟಿಗೆ ಪುಡಿ, ಉಪ್ಪಿನ ಹರಳು ಬೇಡ, ಎನಾಮಲ್ ಸವೆಯುತ್ತದೆ.

ಪಾವಗಡದವನು

ಡಾಕ್ಟರೇ, ಫ್ಲೋರೈಡ್ ಎಂದು ನೀವು ಬರೆದದ್ದನ್ನು ಓದಿ ಸುಮ್ಮನಿರಲಾಗಲಿಲ್ಲ. ನಮ್ಮ ತಾಲ್ಲೂಕಿನ ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದಲೇ ನನ್ನ ಹಲ್ಲುಗಳಲ್ಲಿ ಕಂದು ಪಟ್ಟೆಗಳಿವೆ. ಕಾಲೇಜಿನಲ್ಲಿ ಬಾಯಿ ಬಿಟ್ಟು ನಗುತ್ತಿರಲಿಲ್ಲ. ಊರಿನ ಮುದುಕರು ಬೆನ್ನು ಬಗ್ಗಿ ನಡೆಯುತ್ತಾರೆ. ಅದೇ ವಿಷವನ್ನು ಪೇಸ್ಟಿನಲ್ಲಿ ಹಚ್ಚಿಕೊಳ್ಳಿ ಎನ್ನುತ್ತೀರಲ್ಲ?

ದಾವಣಗೆರೆಯ ದಂತವೈದ್ಯೆ

ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಪಾವಗಡ, ಮುಂಡರಗಿ, ಕೋಲಾರದ ಕಡೆಯವರಿಗೆ ಈ ಪದ ಕೇಳಿದರೇ ಬೇರೆ ಅರ್ಥ ಹೊಳೆಯುತ್ತದೆ. ವ್ಯತ್ಯಾಸವಿರುವುದು ನುಂಗುವುದಕ್ಕೂ ಹಚ್ಚುವುದಕ್ಕೂ ನಡುವೆ. ಕಂದು ಪಟ್ಟೆ ಬೀಳುವುದು ಎಂಟು ವರ್ಷದೊಳಗೆ, ಶಾಶ್ವತ ಹಲ್ಲುಗಳು ವಸಡಿನ ಕೆಳಗೆ ರೂಪುಗೊಳ್ಳುತ್ತಿರುವಾಗ, ಕುಡಿದ ನೀರಿನಿಂದ. ಹಲ್ಲು ಹುಟ್ಟಿದ ಮೇಲೆ ಹೊರಗಿನಿಂದ ಹಚ್ಚಿದ ಫ್ಲೋರೈಡ್ ಪಟ್ಟೆ ತರುವುದಿಲ್ಲ. ಆಮ್ಲಕ್ಕೆ ಕರಗುತ್ತಿರುವ ಎನಾಮಲ್ ಮತ್ತೆ ಖನಿಜ ಹೀರಿಕೊಳ್ಳಲು ನೆರವಾಗುತ್ತದೆ. ಬೆನ್ನು ಬಗ್ಗುವುದು ವರ್ಷಗಟ್ಟಲೆ ಅಂಥ ನೀರು ಕುಡಿದು ಮೂಳೆಗೆ ಫ್ಲೋರೈಡ್ ಸೇರಿದ್ದರಿಂದ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಸಿಗದ ಕಡೆ 1.5ರವರೆಗೆ ಎಂಬುದು ನಮ್ಮ ದೇಶದ ಮಾನದಂಡ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಆರ್‌ಓ ಘಟಕದ ನೀರು ಅಥವಾ ಶುದ್ಧವಾಗಿ ಹಿಡಿದಿಟ್ಟ ಮಳೆನೀರು ಉತ್ತಮ.

ನಿಮ್ಮ ಊರಿನ ಮಕ್ಕಳ ವಿಷಯದಲ್ಲಿ ಮಾತ್ರ ಒಂದು ಕಟ್ಟುನಿಟ್ಟು ಬೇಕು. ಮೂರು ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು, ಆರು ವರ್ಷದವರೆಗೆ ಬಟಾಣಿ ಕಾಳಿನಷ್ಟು ಪೇಸ್ಟ್ ಸಾಕು, ದೊಡ್ಡವರು ಹತ್ತಿರ ನಿಂತು ಉಗುಳಿಸಬೇಕು. ಜಾಹೀರಾತಿನಲ್ಲಿ ಬ್ರಷ್‌ನ ಉದ್ದಕ್ಕೂ ಹಾವಿನಂತೆ ಪೇಸ್ಟ್ ಹಿಂಡುವುದನ್ನು ನೋಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ನಿಮ್ಮ ಪಟ್ಟೆಗಳು ಎನಾಮಲ್‌ನ ಮೇಲ್ಪದರದಲ್ಲಿ ಮಾತ್ರ ಇದ್ದರೆ ಅವನ್ನು ತಿಳಿಗೊಳಿಸುವ ಸರಳ ಚಿಕಿತ್ಸೆಗಳಿವೆ, ಒಮ್ಮೆ ತೋರಿಸಿ.

ಸಾಗರದ ಮಗಳು

ಮೂರು ಬೆರಳಿನ ಪರೀಕ್ಷೆ ಆಯಿತು. ಅಮ್ಮನಿಗೆ ಮೂರೂ ತೂರುತ್ತವೆ, ದೊಡ್ಡಮ್ಮನಿಗೆ ಎರಡು ಮಾತ್ರ. ಅವರು ನಲವತ್ತು ವರ್ಷದಿಂದ ಕವಳ ಹಾಕುವವರು. ಆದ್ದರಿಂದ ಬರುವ ಸೋಮವಾರ ಇಬ್ಬರನ್ನೂ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ. ಅಮ್ಮ ನುಂಗುವ ಮಾತ್ರೆಗಳ ಚೀಟಿಯಲ್ಲಿ ಮೂಳೆ ಸವೆತಕ್ಕೆ ವಾರಕ್ಕೊಂದು ಮಾತ್ರೆಯಿದೆ, ಅದನ್ನು ಹಲ್ಲಿನ ವೈದ್ಯರಿಗೆ ಹೇಳಬೇಕೆಂದು ನಮಗೆ ತೋಚಿಯೇ ಇರಲಿಲ್ಲ. ಮಗನ ಬಾಯಿಗೆ ಟಾರ್ಚ್ ಹಾಕಿ ನೋಡಿದೆ, ಕೆಳಗಡೆ ಎರಡೂ ಬದಿಯಲ್ಲಿ ಹಿಂದಿನ ಹಲ್ಲು ಅರ್ಧ ಮೂಡಿದೆ. ನಾವೂ ಅದನ್ನು ಹಾಲುಹಲ್ಲೆಂದೇ ತಿಳಿದಿದ್ದೆವು.